ಜೇಬು ಗಡಿಯಾರದ ಮೇಲೆ ನಮ್ಮನೆ ಬಳ್ಳಿ

ಗೆಳೆಯರೇ, ಇವತ್ತು ಸಾಗರದ ನಮ್ಮ ಗಂಧದ ಕೆತ್ತನೆ ಅಂಗಡಿಗೆ ಒಬ್ಬ ಹುಡುಗಿ ಬಂದು ಟ್ಯಾಬಿನಲ್ಲಿ ಚಿತ್ರ ತೋರಿಸಿದಳು. ಯಾವುದೋ ಕಂಪ್ಯೂಟರ್ ಆಟಕ್ಕೆ ಅವಳೇ ಬರೆದ ಜೇಬು ಗಡಿಯಾರವಂತೆ. ಅದರಲ್ಲಿ ಹದಿಮೂರು ಗಂಟೆ, ಮುಚ್ಚಳದ ತುಂಬ ಬಳ್ಳಿ.

"ಇದನ್ನ ಮರದಲ್ಲಿ ಕೆತ್ತಿ ಕೊಡ್ತೀರಾ ಅಜ್ಜ?"

ಕನ್ನಡಕ ಹಾಕಿಕೊಂಡು ನೋಡಿದೆ. ಬಳ್ಳಿಯಲ್ಲಿ ಒಂದೇ ಒಂದು ಎಲೆ ಹಿಂದಕ್ಕೆ ತಿರುಗಿತ್ತು. ನನ್ನ ಅಪ್ಪ ತಾನು ಕೆತ್ತಿದ ಪ್ರತಿ ಬಳ್ಳಿಯಲ್ಲೂ ಗುರುತಿಗೆಂದು ಒಂದು ಎಲೆಯನ್ನು ಹಾಗೇ ತಿರುಗಿಸುತ್ತಿದ್ದ. ನಮ್ಮ ಮನೆತನದ ಕೆತ್ತನೆಯ ವಿನ್ಯಾಸವನ್ನು ಹೊರಗಿನವರಿಗೆ ಕೊಟ್ಟವರಲ್ಲ ನಾವು.

"ಈ ತಿರುಗಿದ ಎಲೆ ಎಲ್ಲಿಂದ ಕದ್ದೆ, ಹೇಳು."

"ಕದ್ದಿಲ್ಲ ಅಜ್ಜ. ನಮ್ಮಜ್ಜಿ ಗಂಧದ ಪೆಟ್ಟಿಗೆ ನೋಡ್ಕೊಂಡು ಬರ್ದೆ."

"ಅದು ಯಾರ ಕೈಕೆಲಸ ಅಂತ ಅಜ್ಜಿನ ಕೇಳಿದ್ಯಾ?"

"ಇಲ್ಲ." ಅವಳ ಮುಖ ಸಪ್ಪಗಾಯಿತು. "ಆ ಎಲೆ ತಪ್ಪಿದೆ ಅಂತ ನಮ್ಮ ಗೇಮ್ ಆಫೀಸಲ್ಲಿ ಅಂದ್ರು. ಅಳಿಸಿಬಿಡ್ತೀನಿ."

"ಮುಟ್ಟಿದ್ರೆ ನೋಡು. ಅದಿದ್ರೆ ನಮ್ಮಪ್ಪನ ಕೆಲಸ. ಅಳಿಸಿದ್ರೆ ಕಳ್ಳತನ."

ಅವಳು ಎಲೆಯನ್ನು ಹಾಗೇ ಬಿಟ್ಟಳು. ನಾನೂ ಕೆತ್ತಿ ಕೊಡಲು ಒಪ್ಪಿದೆ. ಹಾಗಂತ ಅವಳನ್ನು ನಂಬಿಬಿಟ್ಟೆ ಎಂದು ಯಾರೂ ತಿಳಿಯಬೇಡಿ. ಅವಳು ಅಜ್ಜಿಯನ್ನು ಪೆಟ್ಟಿಗೆ ಸಮೇತ ಕರೆದುಕೊಂಡು ಬಂದ ಮೇಲೆಯೇ ನಾನು ಉಳಿ ಹಿಡಿಯುವುದು.