ನಾಲೆ ಏರಿಯ ಏಳು ನಿಮಿಷ

ನನ್ನ ಚಿಕ್ಕಪ್ಪ ಲೈನ್‌ಮನ್. ಇಪ್ಪತ್ತೆಂಟು ವರ್ಷಗಳಿಂದ ಕರೆಂಟು ಕಂಬ ಹತ್ತಿ ಇಳಿಯುತ್ತಿರುವವರು. ಗಾಳಿಮಳೆಗೆ ತಂತಿ ಹರಿದು ಬಿದ್ದರೆ ಪಾಂಡವಪುರದ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಮೊದಲು ಫೋನು ಮಾಡುವುದು ಅವರಿಗೇ. ಅಂಥವರು ಒಂದು ಸಂಜೆ ಬಿಳಿ ಹಾಳೆಯೊಂದನ್ನು ತಂದು ನನ್ನ ಮುಂದಿಟ್ಟು, ಸ್ವಯಂ ನಿವೃತ್ತಿಗೆ ಅರ್ಜಿ ಬರೆದುಕೊಡು ಎಂದರು. ನನ್ನ ಅಕ್ಷರ ದುಂಡಗಿದೆ, ಅದಕ್ಕೆ. ಚಿಕ್ಕಮ್ಮನಿಗೆ ಹೇಳಬೇಡ ಎಂದೂ ಸೇರಿಸಿದರು.

ಕಾರಣ ಕೇಳಿದಾಗ ಬಾಗಿಲು ಮುಂದೆ ಮಾಡಿ ಬಂದು ಹೇಳಿದರು. ಅವರಿಗೆ ಶ್ರೀರಂಗಪಟ್ಟಣದ ಕಡೆಯ ಕಚೇರಿಯೊಂದಕ್ಕೆ ವರ್ಗವಾಗಿತ್ತು. ನಮ್ಮೂರಿಂದ ನೇರ ಬಸ್ಸಿದೆ, ನಲವತ್ತು ನಿಮಿಷದ ದಾರಿ. ಆದರೆ ಆ ಬಸ್ಸು ದೊಡ್ಡ ನಾಲೆಯ ಏರಿಯ ಮೇಲೆ ಒಂದಷ್ಟು ದೂರ ಹೋಗುತ್ತದೆ. ಚಿಕ್ಕಪ್ಪ ಆ ಬಸ್ಸು ಹತ್ತುತ್ತಿರಲಿಲ್ಲ. ಸುತ್ತು ಹಾಕಿ, ಎರಡು ಬಸ್ಸು ಬದಲಾಯಿಸಿ ಹೋಗುತ್ತಿದ್ದರು. ಮೂರು ವಾರದಲ್ಲಿ ಐದು ದಿನ ತಡವಾಗಿತ್ತು. ಇನ್ನೊಂದು ಸಲ ತಡವಾದರೆ ನೋಟಿಸು ಕೊಡುತ್ತೇನೆ ಎಂದು ಮೇಲಿನವರು ಹೇಳಿದ್ದರು. ಸೇವೆ ಇನ್ನೂ ನಾಲ್ಕು ವರ್ಷ ಬಾಕಿ ಇತ್ತು.

ಹುಡುಗರಾಗಿದ್ದಾಗ ಅವರು ಅದೇ ಏರಿಯ ಮೇಲೆ ಸೈಕಲ್ಲಿನ ಸಮೇತ ಜಾರಿ ನೀರಿಗೆ ಬಿದ್ದಿದ್ದರಂತೆ. ಯಾರೋ ದಾರಿಹೋಕರು ಉಟ್ಟ ಪಂಚೆ ಬಿಚ್ಚಿ ಇಳಿಬಿಡುವವರೆಗೂ ಜೊಂಡು ಹಿಡಿದುಕೊಂಡಿದ್ದರಂತೆ. ಅಂದಿನಿಂದ ಆ ದಾರಿ ತುಳಿದಿಲ್ಲ. ಮನೆಯಲ್ಲಿ ನಮಗೆಲ್ಲ ಗೊತ್ತಿದ್ದದ್ದು ಬೇರೆ ನೆಪ: ಆ ಬಸ್ಸಿನಲ್ಲಿ ಸೀಟು ಸಿಗುವುದಿಲ್ಲ, ಡ್ರೈವರು ಸರಿಯಿಲ್ಲ, ಹೀಗೆ.

ನಾನು ಆಗ ಡಿಗ್ರಿಯಲ್ಲಿ ಮನಃಶಾಸ್ತ್ರ ಓದಿ ಮುಗಿಸಿ, ಬಿ.ಎಡ್. ಮಾಡಲು ಶ್ರೀರಂಗಪಟ್ಟಣಕ್ಕೆ ಅದೇ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಪಿಯುಸಿಯಿಂದಲೂ ದಿನಚರಿ ಬರೆಯುವ ಅಭ್ಯಾಸ. ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಜನ ನಿಂತಿದ್ದರು, ಎಲ್ಲಕ್ಕೂ ಲೆಕ್ಕವಿದೆ. ಏರಿಯ ದಾರಿ ಸರಿಯಾಗಿ ಏಳು ನಿಮಿಷ, ಅರಳಿಮರದಿಂದ ತೂಬಿನವರೆಗೆ. ಅಷ್ಟು ಸಣ್ಣ ದೂರಕ್ಕೆ ನಾಲ್ಕು ವರ್ಷದ ನೌಕರಿ ಬಿಡುವುದೇ ಎನ್ನಿಸಿತು. ಭಯವನ್ನು ತಪ್ಪಿಸಿಕೊಂಡಾಗಲೆಲ್ಲ ಸಿಗುವ ನಿರಾಳವೇ ಆ ಭಯಕ್ಕೆ ಮೇವು ಎಂದು ಓದಿದ್ದೆ. ಪ್ರತಿ ಸುತ್ತುದಾರಿಯೂ ಮನಸ್ಸಿಗೆ "ಇತ್ತ ಬಂದಿದ್ದಕ್ಕೇ ಬದುಕಿದೆ" ಎಂದು ಹೇಳಿಕೊಡುತ್ತದೆ. ಮನಸ್ಸು ಅದನ್ನೇ ನಂಬುತ್ತದೆ.

ಅರ್ಜಿ ಬರೆದೆ. ತಾರೀಖು ಮಾತ್ರ ಹಾಕಲಿಲ್ಲ. ಒಂದು ತಿಂಗಳು ನನ್ನ ಜೊತೆ ಬಂದು ನೋಡಿ, ಆಗದಿದ್ದರೆ ತಾರೀಖು ಹಾಕಿ ಕೊಡುತ್ತೇನೆ ಎಂದೆ. ಬೇಸಿಗೆ, ನಾಲೆ ಒಣಗಿತ್ತು, ತಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಅದನ್ನೂ ನೆನಪಿಸಿದೆ.

"ನೀರಿಲ್ಲ ಅಂತ ತಲೆಗೆ ಗೊತ್ತು ಕಣ್ಲಾ" ಎಂದರು ಚಿಕ್ಕಪ್ಪ. "ಕಾಲಿಗೆ ಗೊತ್ತಿಲ್ಲ."

ಭಯವನ್ನು ಸ್ವಲ್ಪಸ್ವಲ್ಪವಾಗಿ ಎದುರಿಸಲು ನಾನು ಮೆಟ್ಟಿಲು ಮಾಡಿದೆ. ಮೊದಲ ದಿನ ದೂರದಿಂದ ಏರಿ ನೋಡುವುದು. ಎರಡನೆಯ ದಿನ ಅದರ ಮೇಲೆ ನೂರು ಹೆಜ್ಜೆ ನಡೆಯುವುದು. ಮೂರನೆಯ ದಿನ ಬಸ್ಸು. ಚಿಕ್ಕಪ್ಪ ಎಲ್ಲವನ್ನೂ ಮಾಡಿದರು, ಒಂದು ಮಾತು ಎದುರಾಡದೆ. ಆದರೆ ಬಸ್ಸಿನಲ್ಲಿ ಅರಳಿಮರ ಬಂದ ಕೂಡಲೇ ಮುಂದಿನ ಸೀಟಿನ ಕಂಬಿ ಹಿಡಿದು ಕಣ್ಣು ಮುಚ್ಚಿದರೆ ತೂಬಿನ ಹತ್ತಿರವೇ ಬಿಡುತ್ತಿದ್ದದ್ದು. ಅಂಗಿಯ ಬೆನ್ನು ಒದ್ದೆಯಾಗಿರುತ್ತಿತ್ತು. ಎಂಟು ಪ್ರಯಾಣ, ಎಂಟು ಸಲವೂ ಏಳಕ್ಕೆ ಏಳು ನಿಮಿಷ ಎಂದು ನನ್ನ ದಿನಚರಿಯಲ್ಲಿದೆ. ಅವರು ಬಸ್ಸಿನಲ್ಲಿ ಕೂತಿದ್ದರು, ಅವರ ಕಣ್ಣು ಮಾತ್ರ ಇನ್ನೂ ಸುತ್ತುದಾರಿಯಲ್ಲೇ ಹೋಗುತ್ತಿತ್ತು.

ಅಷ್ಟರಲ್ಲಿ ಕಚೇರಿಯಲ್ಲಿ ಯಾರಿಗೋ ಸುದ್ದಿ ಗೊತ್ತಾಯಿತು. "ಕಂಬದ್ ಮ್ಯಾಲೆ ಉಲಿ, ನಾಲೆ ಮ್ಯಾಲೆ ಇಲಿ" ಎಂದು ಜೊತೆಯವರೊಬ್ಬರು ಛೇಡಿಸಿದರಂತೆ. ಚಿಕ್ಕಪ್ಪನೇ ನಗುತ್ತಾ ನನಗೆ ಹೇಳಿದರು. ಮಾರನೆಯ ದಿನ ಬಸ್ಸಿಗೆ ಬರಲಿಲ್ಲ, ಹಳೆಯ ಸುತ್ತುದಾರಿ ಹಿಡಿದರು. ಪುಣ್ಯಕ್ಕೆ ಅವತ್ತು ತಡವಾಗಲಿಲ್ಲ. ಭಯಕ್ಕಿಂತ, ಭಯಪಟ್ಟದ್ದನ್ನು ನಾಲ್ಕು ಜನ ಕಂಡರೆಂಬ ನಾಚಿಕೆ ಹೆಚ್ಚು ಭಾರ ಎಂದು ಅಂದು ಬರೆದುಕೊಂಡೆ.

ಸೋಮವಾರ ಮತ್ತೆ ಬಂದರು. ಬಸ್ಸು ತುಂಬಿತ್ತು. ನಮಗೆ ಸೀಟು ಸಿಕ್ಕಿತ್ತು. ಒಂದೂವರೆ ವರ್ಷದ ಮಗುವನ್ನೆತ್ತಿಕೊಂಡ ಹೆಂಗಸೊಬ್ಬರು ಹತ್ತಿದರು. ಕಂಡಕ್ಟರು ಮಗುವನ್ನು ಇಸಿದುಕೊಂಡು ಚಿಕ್ಕಪ್ಪನ ಕಡೆ ಚಾಚಿ, "ಅಣ್ಣಾ, ಈ ಮಗೀನ ವಸಿ ಮಡೀಕಳಿ" ಎಂದರು. ನಮ್ಮ ಕಡೆ ಬಸ್ಸಿನಲ್ಲಿ ಇದು ದಿನವೂ ನಡೆಯುವುದೇ. ನಿಂತವರ ಮಗು, ಚೀಲ, ಕೋಳಿಬುಟ್ಟಿ ಎಲ್ಲವೂ ಕೂತವರ ತೊಡೆಗೆ ಸೇರಿದ್ದು. ಬೇಡ ಎಂದವರನ್ನು ನಾನು ಕಂಡಿಲ್ಲ.

ಲೈನ್‌ಮನ್‌ಗಳ ಅಂಗಿಯ ಜೇಬಿನಲ್ಲಿ ಟೆಸ್ಟರ್ ಇದ್ದೇ ಇರುತ್ತದೆ. ಮಗು ಅದನ್ನು ಕಿತ್ತು ಬಾಯಿಗಿಡಲು ಹೋಯಿತು. ಚಿಕ್ಕಪ್ಪ ಬಿಡಿಸಿದರು. ಅದು ಮೀಸೆ ಹಿಡಿಯಿತು. ಮೀಸೆ ಬಿಡಿಸಿಕೊಳ್ಳುವಷ್ಟರಲ್ಲಿ ಮತ್ತೆ ಟೆಸ್ಟರಿಗೆ ಕೈ. ನಾನು ಗಡಿಯಾರ ನೋಡುತ್ತಿದ್ದೆ. ಆ ಏಳು ನಿಮಿಷದಲ್ಲಿ ಚಿಕ್ಕಪ್ಪ ಕಣ್ಣು ಮುಚ್ಚಿದ್ದು ಎರಡು ಸಲ, ಒಂದೊಂದು ಉಸಿರಿನಷ್ಟು ಹೊತ್ತು.

ಆಮೇಲಿನ ಹನ್ನೆರಡು ಪ್ರಯಾಣಗಳಲ್ಲಿ ಒಂಬತ್ತರಲ್ಲಿ ಅವರ ತೊಡೆಯ ಮೇಲೆ ಯಾವುದಾದರೊಂದು ಮಗು ಇತ್ತು. ಮಗು ಇದ್ದಾಗ ಕಣ್ಣು ಮುಚ್ಚಿದ ಲೆಕ್ಕ ಎರಡು, ಎರಡು, ಒಂದು, ಹೀಗೆ ಇಳಿಯಿತು. ಇಲ್ಲದ ದಿನಗಳಲ್ಲೂ ಇಳಿಯಿತು, ನಿಧಾನವಾಗಿ. ನನ್ನ ಮೆಟ್ಟಿಲು ಕೊನೆಗೂ ಫಲ ಕೊಟ್ಟಿತು ಎಂದು ಎರಡು ದಿನ ಬೀಗಿದೆ. ಮೂರನೆಯ ದಿನ ಲೆಕ್ಕವನ್ನೇ ಇನ್ನೊಮ್ಮೆ ಓದಿದಾಗ ಒಂದು ಸಾಲು ತಡೆಯಿತು. ಬುಧವಾರ ಒಬ್ಬ ತಾಯಿ ನಿಂತಿದ್ದ ಜಾಗದ ಪಕ್ಕದಲ್ಲೇ ಒಬ್ಬ ಅಜ್ಜಿ ಬರಿಗೈಯಲ್ಲಿ ಕೂತಿದ್ದರು. ಆದರೂ ಮಗು ಮೂರು ಸಾಲು ದಾಟಿ ಚಿಕ್ಕಪ್ಪನ ಬಳಿ ಬಂದಿತ್ತು. ಒಂಬತ್ತು ಸಲವೂ ಮಗುವನ್ನು ಚಾಚಿದ ಕೈ ಕಂಡಕ್ಟರದ್ದೇ.

ಅಂದು ಶ್ರೀರಂಗಪಟ್ಟಣದ ನಿಲ್ದಾಣದಲ್ಲಿ ಕಂಡಕ್ಟರು ಟೀ ಕುಡಿಯುತ್ತಿದ್ದಾಗ ಹೋಗಿ ಕೇಳಿದೆ. ಅವರು ಬಿಂಡಿಗನವಿಲೆಯವರು, ನಲವತ್ತರ ಆಸುಪಾಸು, ಕಂಡಕ್ಟರಾಗುವ ಮೊದಲು ಮನೆಯ ಕುರಿ ಕಾಯ್ದವರು. ನನ್ನ ಪುಸ್ತಕ ಇಸಿದುಕೊಂಡು ಅಂಕಿಗಳನ್ನು ನೋಡಿ ನಕ್ಕರು.

"ಏನ್ ಮೇಷ್ಟ್ರೇ, ಟಿಕೇಟ್ ಲೆಕ್ಕ ನಾನೇ ಇಷ್ಟ್ ನೀಟಾಗ್ ಬರಿಯಾಕಿಲ್ಲ."

ಆಮೇಲೆ ಹೇಳಿದರು. "ಕುರಿ ಅಳ್ಳ ದಾಟಾಕೆ ಎದರ್ತದೆ. ಒಡುದ್ರೂ ದಾಟಾಕಿಲ್ಲ. ಅದ್ರ ಮರೀನ ಎತ್ಕಂಡು ನಾವು ಮುಂದೆ ವೋದ್ರೆ ಇಂದಿಂದೇನೇ ಬತ್ತದೆ. ಕಣ್ಣು ಮರಿ ಮ್ಯಾಲಿರ್ತದಲ್ಲ, ನೀರ್ ಕಾಣಾಕಿಲ್ಲ ಅದ್ಕೆ. ನಿಮ್ ಚಿಕ್ಕಪ್ಪ್ನಿಗೆ ಏಳ್ಬ್ಯಾಡಿ ಮತ್ತೆ. ಏಳುದ್ರೆ ಕೆಟ್ಟೋಯ್ತದೆ."

ಮೂರು ವರ್ಷ ಓದಿದ್ದು ಸುಳ್ಳಾಗಿರಲಿಲ್ಲ. ಗಮನ ಒಂದು ಹೊತ್ತಿಗೆ ಒಂದು ಕಡೆ ಮಾತ್ರ ನಿಲ್ಲುತ್ತದೆ, ಮತ್ತೊಂದು ಜೀವದ ಹೊಣೆ ಮೈಮೇಲಿದ್ದರೆ ನಮ್ಮ ಭಯಕ್ಕೆ ಜಾಗ ಕಮ್ಮಿ, ಕಣ್ಣು ತೆರೆದು ದಾಟಿದ ದಾರಿಯೇ ಮನಸ್ಸಿಗೆ ಹೊಸ ಪಾಠ. ಎಲ್ಲವೂ ಪಠ್ಯಪುಸ್ತಕದಲ್ಲಿತ್ತು. ಚಿಲ್ಲರೆ ಕೊಡುತ್ತಾ, ಬಾಗಿಲಲ್ಲಿ ನೇತಾಡುತ್ತಾ, ಅರವತ್ತು ಜನರ ನಡುವೆ ಒಬ್ಬನ ಬೆವರು ಗುರುತಿಸಿ, ಅವನಿಗೆ ತಿಳಿಯದ ಹಾಗೆ ಅದನ್ನು ಮಾಡಬಹುದು ಎಂಬುದು ಮಾತ್ರ ಇರಲಿಲ್ಲ. ಅಂದಿನಿಂದ ಆ ಕಂಡಕ್ಟರನ್ನು ನಾನು ಮನಸ್ಸಿನಲ್ಲಿ ಮೇಷ್ಟ್ರು ಎಂದೇ ಕರೆಯುತ್ತೇನೆ.

ತಿಂಗಳು ಮುಗಿಯಲು ನಾಲ್ಕು ದಿನವಿತ್ತು. ನಾಲೆಗೆ ನೀರು ಬಿಟ್ಟರು ಎಂಬ ಸುದ್ದಿ ಸಂಜೆ ಊರಿಗೆ ಬಂತು. ಎಲ್ಲರಿಗೂ ಸಂತೋಷ. ಚಿಕ್ಕಪ್ಪ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದರು ಎಂದು ಚಿಕ್ಕಮ್ಮ ಹೇಳಿದರು. ಬೆಳಿಗ್ಗೆ ಬರುವುದಿಲ್ಲ ಎಂದೇ ಅಂದುಕೊಂಡಿದ್ದೆ. ನಾನು ಹೋಗುವ ಹೊತ್ತಿಗೆ ಅವರಾಗಲೇ ನಿಲ್ದಾಣದಲ್ಲಿ ನಿಂತಿದ್ದರು.

ಅವತ್ತು ಬಸ್ಸಿನಲ್ಲಿ ಒಂದೇ ಒಂದು ಮಗು ಇರಲಿಲ್ಲ. ಕಂಡಕ್ಟರು ಹಿಂದಕ್ಕೂ ಮುಂದಕ್ಕೂ ನೋಡಿ, ನನ್ನನ್ನು ನೋಡಿದರು. ಅರಳಿಮರ ಬಂತು. ಚಿಕ್ಕಪ್ಪ ಕಂಬಿ ಹಿಡಿದು ಕಣ್ಣು ಮುಚ್ಚಿದರು. ನಾನು ಎಣಿಸತೊಡಗಿದೆ. ಇಪ್ಪತ್ತೊಂದಕ್ಕೆ ಅವರ ಒಂದು ಕೈ ಕಂಬಿ ಬಿಟ್ಟು ಜೇಬಿಗೆ ಹೋಯಿತು. ಟೆಸ್ಟರ್ ಇದೆಯೇ ಎಂದು ಮುಟ್ಟಿ ನೋಡಿಕೊಂಡಿತು. ಕಣ್ಣು ತೆರೆಯಿತು. ಆಮೇಲೆ ಮುಚ್ಚಲಿಲ್ಲ. ತೂಬಿನ ಹತ್ತಿರ ಕಿಟಕಿಯ ಕಡೆ ತಿರುಗಿ, "ಕೆಂಪ್ ನೀರು ಕಣ್ಲಾ. ಕಸ ಎಲ್ಲ ತಳ್ಕಂಡ್ ಬತ್ತಾ ಅದೆ" ಎಂದರು.

ಸಂಜೆ ವಾಪಸು ಬರುವಾಗ ಕಂಡಕ್ಟರು ಹಿಂದಿನ ಬಾಗಿಲಲ್ಲಿದ್ದರು. ಹೆಣ್ಣುಮಗುವನ್ನು ಎತ್ತಿಕೊಂಡ ಹೆಂಗಸೊಬ್ಬರು ಹತ್ತಿ ಕಂಬಿಗೆ ಕೈ ಚಾಚಿದರು. ಚಿಕ್ಕಪ್ಪ ಯಾರೂ ಹೇಳದೆಯೇ ಎರಡೂ ಕೈ ಮುಂದೆ ಮಾಡಿ, "ಕೊಡವ್ವ ಇತ್ಲಾಗೆ" ಎಂದರು.

ಊರಲ್ಲಿ ಇಳಿದು ಮನೆಯ ಕಡೆ ನಡೆಯುವಾಗ ಅರ್ಜಿಯ ಮಾತು ತೆಗೆದರು. ದಿನಚರಿಯಲ್ಲೇ ಇಟ್ಟಿದ್ದೇನೆ, ಕೊಡಲೇ ಎಂದೆ.

"ಬ್ಯಾಡ. ಇನ್ನೊಂದ್ ತಿಂಗ್ಳು ಮಡಿಕ್ಕಂಡಿರು" ಎಂದರು.

ಅದೇ ಮಾತನ್ನು ಮುಂದಿನ ತಿಂಗಳೂ ಹೇಳಿದರು, ಅದರ ಮುಂದಿನ ತಿಂಗಳೂ. ಹಾಳೆ ಇನ್ನೂ ನನ್ನಲ್ಲೇ ಇದೆ, ತಾರೀಖಿಲ್ಲದೆ. ಚಿಕ್ಕಪ್ಪನ ಸೇವೆ ಮುಗಿಯಲು ಈಗ ಎರಡು ವರ್ಷ ಉಳಿದಿದೆ.