ಬಂದೂಕಿಗೆ ಬಣ್ಣ ಕಟ್ಟಿದ್ದು

ನೇಯುವವರ ಮನೆಯಲ್ಲಿ ಜೋತಾಡುವ ಎಳೆ ಉಳಿಯುವುದಿಲ್ಲ. ಕಣ್ಣಿಗೆ ಬಿದ್ದರೆ ಸಾಕು, ಕೈ ತಾನಾಗಿ ಕತ್ತರಿಗೆ ಹೋಗುತ್ತದೆ. ಯಾರದೋ ಮದುವೆಯಲ್ಲಿ ಪರಿಚಯವೇ ಇಲ್ಲದ ಹೆಂಗಸಿನ ಸೆರಗಿನ ದಾರವನ್ನು ಹಲ್ಲಿನಿಂದ ಕಡಿದು ಬೈಸಿಕೊಂಡವಳು ನಾನು. ಆ ಚಟ ಒಂದು ಸಂಜೆ ನಮ್ಮ ಮನೆಯವರ ಪ್ರಾಣಕ್ಕೇ ಸಂಚಕಾರ ತಂದಿತ್ತು.

ನಮ್ಮ ಊರು ಅಮೀನಗಡದಿಂದ ಪಟ್ಟದಕಲ್ಲಿನ ಕಡೆಗೆ ಹೋಗುವ ದಾರಿಯಲ್ಲಿದೆ. ಮನೆಯಲ್ಲಿ ನೆಲದ ಕುಣಿಗೆ ಕಾಲು ಇಳಿಬಿಟ್ಟು ನೇಯುವ ನನ್ನ ಕುಣಿಮಗ್ಗ, ಹೊಳೆಯ ದಂಡೆಗೆ ಅವರ ಮೂರೆಕರೆ ಗೋವಿನಜೋಳ. ಹೊಳೆಯ ಜಾಲಿಕಂಟಿಗಳಿಂದ ಹಂದಿಗಳು ನುಗ್ಗುತ್ತವೆಂದು ಮಾವನವರ ಕಾಲದಿಂದಲೂ ಒಂಟಿ ನಳಿಗೆಯ ಬಂದೂಕು ಇದೆ. ಈಗ ಲೈಸೆನ್ಸು ಇವರ ಹೆಸರಿನಲ್ಲಿದೆ. ಹಂದಿಯನ್ನು ಕೊಲ್ಲುವುದಕ್ಕಲ್ಲ, ಆಕಾಶಕ್ಕೆ ಒಂದು ಗುಂಡು ಹಾರಿಸಿ ಬೆದರಿಸುವುದಕ್ಕೆ. ಚುನಾವಣೆ ಬಂದಾಗ ಎಲ್ಲರಂತೆ ಇವರೂ ಅದನ್ನು ಠಾಣೆಗೆ ಒಪ್ಪಿಸಿದ್ದರು. ಬಿಡಿಸಿಕೊಂಡು ಬರುವಾಗ ದಾರಿಯಲ್ಲಿ ಮಳೆ ಹಿಡಿಯಿತು. ಮಹಾನುಭಾವರು ಒದ್ದೆ ಗೋಣಿಚೀಲದ ಸಮೇತ ಅದನ್ನು ಮೂಲೆಗಿಟ್ಟು ಎರಡು ದಿನ ಮರೆತೇಬಿಟ್ಟರು. ಬಿಚ್ಚಿ ನೋಡಿದರೆ ನಳಿಗೆಯ ತುಂಬ ಮೈಲಿಬೇನೆಯ ಕಲೆಗಳ ಹಾಗೆ ತುಕ್ಕು.

"ಬಾಗಲಕೋಟಿಗೆ ಒಯ್ದು ರಿಪೇರಿಯವರ ಕಡೆ ಬಣ್ಣಾ ಹಾಕಿಸ್ಕೊಂಡ ಬರ್ತೇನಿ" ಅಂದರು.

ಕಟ್ಟೆಯ ಮೇಲೆ ಕೂತಿದ್ದ ಅತ್ತೆ ತಮ್ಮ ಮಗನನ್ನು ತರಾಟೆಗೆ ತೆಗೆದುಕೊಂಡರು. "ನಿಮ್ಮಪ್ಪ ಏನ ಬಾಗಲಕೋಟಿಗೆ ಒಯ್ತಿದ್ನೇನು? ಉಪ್ಪನೀರ ಹಚ್ಚಿ ಬಚ್ಚಲದಾಗ ತೂಗ ಹಾಕ್ತಿದ್ದ. ತುಕ್ಕ ಬಂದಂಗ ತಿಕ್ಕೂದು, ಮತ್ತ ಹಚ್ಚೂದು. ಎಂಟ ದಿನಕ್ಕ ಹುಣಸಿ ಬೀಜದಂಥಾ ಬಣ್ಣಾ ಬರ್ತಿತ್ತು."

ಬಣ್ಣದ ಮಾತು ಬಂದ ಮೇಲೆ ನಾನು ಸುಮ್ಮನಿರುವವಳೇ? ನೂಲನ್ನು ಒಮ್ಮೆ ಅದ್ದಿ ತೆಗೆದರೆ ಬಣ್ಣ ಕೂಡುವುದಿಲ್ಲ, ಮತ್ತೆ ಮತ್ತೆ ಅದ್ದಬೇಕು. ಕಬ್ಬಿಣಕ್ಕೂ ಅದೇ ನ್ಯಾಯ ಅನ್ನಿಸಿತು. "ನಾ ಮಾಡ್ತೇನಿ, ಬಿಡ್ರಿ" ಅಂದೆ. ನಮ್ಮ ಮನೆಯವರು ನಕ್ಕರು. "ಇದು ಸೀರಿ ಅಲ್ಲವಾ" ಅಂದರು. ಆ ನಗು ನೋಡಿ ನನಗೆ ಹಟ ಏರಿತು.

ನಳಿಗೆಯನ್ನು ಅವರೇ ಹಿಡಿಯಿಂದ ಬಿಚ್ಚಿಕೊಟ್ಟರು. ಪಾಲಿಶ್ ಪೇಪರಿನಿಂದ ಹಳೆಯ ಕಲೆಗಳನ್ನು ತಿಕ್ಕಿ ತೆಗೆದೆ. ಜಿಡ್ಡು ಹೋಗಲಿ ಎಂದು ಸುಣ್ಣ ಹಚ್ಚಿ ತೊಳೆದೆ. ಆಮೇಲೆ ಬರಿಗೈಯಲ್ಲಿ ಮುಟ್ಟಲಿಲ್ಲ. ಬೆವರಿನ ಕೈ ತಗುಲಿದರೆ ಅಲ್ಲಿ ಬಣ್ಣ ಬೇರೆಯಾಗುತ್ತದೆ ಎಂದು ಅತ್ತೆ ಹೇಳಿದ್ದರು. ಇನ್ನು, ನಳಿಗೆಯ ಒಳಗೆ ತುಕ್ಕು ಇಳಿಯಬಾರದು. ಒಳಗೆಲ್ಲ ಎಣ್ಣೆ ಬಳಿದು, ಗುಂಡು ತುಂಬುವ ಕಡೆಗೆ ಕಾಳು ಬಿಡಿಸಿದ ಗೋವಿನಜೋಳದ ಬೆಂಡನ್ನು ಬಿಗಿಯಾಗಿ ಹೊಡೆದೆ. ಬಾಯಿಯ ಕಡೆಗೆ ಬೆಂಡು ನಡೆಯುವುದಿಲ್ಲ, ಅಂಚಿಗೂ ಬಣ್ಣ ಹತ್ತಬೇಕಲ್ಲ. ಅದಕ್ಕೆ ನೂಲಿನ ಚಿಂದಿಯನ್ನು ಉಂಡೆ ಮಾಡಿ, ಮೇಣದಲ್ಲಿ ಅದ್ದಿ, ಬೆರಳಿನುದ್ದ ಒಳಗೆ ತುರುಕಿದೆ. ತೆಗೆಯುವುದು ಮರೆತೀತೆಂದು ಅದಕ್ಕೆ ಸೆರಗಿನ ಕೆಂಪು ರೇಷ್ಮೆಯ ಒಂದು ಗೇಣು ಎಳೆ ಕಟ್ಟಿ ಹೊರಗೆ ಇಳಿಬಿಟ್ಟೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಮಾವನವರ ಕಾಲದ ತಂಪು ಬಚ್ಚಲು ಈಗಿಲ್ಲ. ಟೈಲ್ಸು ಹಾಕಿದ ಮೇಲೆ ಅದು ಗಳಿಗೆಯಲ್ಲಿ ಒಣಗುತ್ತದೆ. ತುಕ್ಕು ಏಳಲು ತೇವ ಬೇಕು. ಮನೆಯಲ್ಲಿ ತೇವ ಇರುವುದು ಒಂದೇ ಕಡೆ, ನನ್ನ ಮಗ್ಗದ ಕುಣಿ. ರೇಷ್ಮೆ ಎಳೆ ಕಡಿಯಬಾರದೆಂದು ಅಲ್ಲಿ ದಿನಾ ನೀರು ಚಿಮುಕಿಸುತ್ತೇನೆ. ಕುಣಿಯ ಮೂಲೆಗೆ, ನನ್ನ ಮೊಣಕಾಲಿನ ಪಕ್ಕದಲ್ಲಿ, ನಳಿಗೆಯನ್ನು ಬಾಯಿ ಕೆಳಗೆ ಮಾಡಿ ತೂಗುಹಾಕಿದೆ. ಮೇಲೆ ಸೀರೆ ನೇಯುತ್ತಿದ್ದೆ, ಕೆಳಗೆ ಬಂದೂಕು ತುಕ್ಕು ಹಿಡಿಯುತ್ತಿತ್ತು. ಮುಂಜಾನೆ ಉಪ್ಪುನೀರು ಸವರುವುದು, ಸಂಜೆ ಒರಟು ಬ್ರಷ್ಷಿನಿಂದ ತಿಕ್ಕುವುದು. ಮೊದಲ ದಿನ ಅರಿಸಿನದ ಕಲೆಯಂತಿದ್ದದ್ದು ನಾಲ್ಕನೆಯ ದಿನಕ್ಕೆ ಬೆಲ್ಲದ ಬಣ್ಣಕ್ಕೆ ತಿರುಗಿತು.

ನಮ್ಮ ಮನೆಯವರಿಗೆ ಒಂದು ರೂಢಿಯಿದೆ. ಬಂದೂಕು ಕೈಗೆ ತೆಗೆದುಕೊಂಡರೆ ಮೊದಲು ಅದನ್ನು ನಡುವಿನ ಕೀಲಿನಲ್ಲಿ ಬಾಗಿಸಿ ಮುರಿದು, ನಳಿಗೆಯನ್ನು ಆಕಾಶಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ಒಳಗೆ ನೋಡುತ್ತಾರೆ. ಆರಪಾರ ಬೆಳಕು ಕಂಡ ಮೇಲೆಯೇ ಗುಂಡು ತುಂಬುವುದು. ಹಿಂದೆ ಹೊಳೆಯಾಚೆ ಒಬ್ಬರ ನಳಿಗೆಯಲ್ಲಿ ಕೆಸರು ಸಿಕ್ಕಿಕೊಂಡಿದ್ದು ಗೊತ್ತಾಗದೆ ಹಾರಿಸಿ, ನಳಿಗೆ ಸೀಳಿ, ಮೂರು ಬೆರಳೂ ಒಂದು ಕಣ್ಣೂ ಹೋದದ್ದನ್ನು ಅವರೇ ನನಗೆ ಹೇಳಿದ್ದರು. ನಾಲ್ಕನೆಯ ದಿನ ಸಂಜೆ ಕುಣಿಗೆ ಇಣುಕಿ, ನಳಿಗೆಯನ್ನು ಎತ್ತಿ, ಬೆಂಡನ್ನು ಅಲುಗಾಡಿಸಿ ನೋಡತೊಡಗಿದರು. ನನ್ನ ಪಿತ್ತ ನೆತ್ತಿಗೇರಿತು.

"ನಾ ಮಾಡಿದ್ದಕ್ಕೂ ತಪಾಸಣಿ ಏನ್ರಿ? ಇನ್ನೊಮ್ಮಿ ಹಿಂಗ ಇಣಕಿ ನೋಡಿದ್ರ ನೀವಾತು, ನಿಮ್ಮ ಬಂದೂಕಾತು!"

ಅವರು ಎರಡೂ ಕೈ ಎತ್ತಿದರು. "ಆತವಾ, ಆತು. ಇನ್ನ ನೋಡೂದಿಲ್ಲ."

ಗೆದ್ದೆ ಎಂದು ಒಳಗೊಳಗೇ ಹಿಗ್ಗಿದೆ. ಅದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಎಂಟನೆಯ ದಿನ ಬಣ್ಣ ಸರಿಯಾಗಿ ಕೂತಿತು. ಕುದಿಯುವ ನೀರು ಸುರಿದು ತುಕ್ಕನ್ನು ನಿಲ್ಲಿಸಿ, ಅಗಸಿ ಎಣ್ಣೆ ಒರೆಸಿದೆ. ಹುಣಸೆಬೀಜ ಅಂದರೆ ಹುಣಸೆಬೀಜವೇ. ನೇಯ್ದ ಸೀರೆಯನ್ನು ಅಂದೇ ಇಳಕಲ್ಲಿಗೆ ಮುಟ್ಟಿಸಬೇಕಿತ್ತು, ಬಸ್ಸಿನ ಹೊತ್ತಾಗಿತ್ತು. ಬೆಂಡನ್ನು ಕಿತ್ತೆ. ಬಾಯಿಯ ಕಡೆ ನೋಡಿದೆ, ಎಳೆ ಜೋತಿರಲಿಲ್ಲ. ಎಳೆ ಇಲ್ಲವೆಂದರೆ ಉಂಡೆಯನ್ನು ಆಗಲೇ ತೆಗೆದಿದ್ದೇನೆ ಎಂದುಕೊಂಡೆ. ನಳಿಗೆಯನ್ನು ಅವರ ಕೈಗೆ ಕೊಟ್ಟು, "ಹಿಡೀರಿ, ಬಾಗಲಕೋಟಿಯವರಿಗೂ ತೋರಸ್ರಿ" ಎಂದು ಮೆರೆದು ಹೊರಟೆ.

ಇಳಕಲ್ಲಿನ ಅಂಗಡಿಯಲ್ಲಿ ನನ್ನ ಸರದಿ ಬರುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಸಾವಕಾರರು ಸೀರೆ ಬಿಡಿಸಿ, ಸೆರಗಿನ ಮೇಲೆ ಬೆರಳಾಡಿಸಿ, "ತಂಗಿ, ಇಲ್ಲೊಂದು ಎಳಿ ಜೋತೈತಿ ನೋಡು" ಅಂದರು.

ಕೆಂಪು ಎಳೆ. ಚೀಲದಿಂದ ಕತ್ತರಿ ತೆಗೆದು ಕತ್ತರಿಸಿದೆ. ಕತ್ತರಿಯ ಸಪ್ಪಳಕ್ಕೆ ನನ್ನ ಕೈ ಅಲ್ಲಿಯೇ ನಿಂತಿತು. ಎರಡು ದಿನದ ಹಿಂದೆ ಮಗ್ಗ ತುಳಿಯುವಾಗ ಮೊಣಕಾಲಿಗೆ ಯಾವುದೋ ಎಳೆ ಸವರಿತ್ತು. ಲಾಳಿಯ ಮೇಲಿನ ಕಣ್ಣು ತೆಗೆಯದೆ ಕೈ ಇಳಿಬಿಟ್ಟು ಹೀಗೆಯೇ ಕತ್ತರಿಸಿದ್ದೆ. ಉಂಡೆ ಇನ್ನೂ ನಳಿಗೆಯೊಳಗೇ ಇತ್ತು.

ಅವರ ಫೋನಿಗೆ ಹಚ್ಚಿದೆ. ಅತ್ತೆ ಎತ್ತಿದರು. "ಅವ ಹೊಲಕ್ಕ ಹೋದ. ಫೋನ ಇಲ್ಲೇ ಚಾರ್ಜಿಗಿ ಹಚ್ಯಾನ. ಹೊಸಾ ಬಣ್ಣದ ಬಂದೂಕ ಹೆಗಲಿಗಿ ಹಾಕ್ಕೊಂಡು ಮದಿಮಗನಂಗ ಹೊಂಟ ನೋಡು."

"ಅತ್ತಿ, ಯಾರನ್ನರ ಓಡಸ್ರಿ. ಬಂದೂಕ ಹಾರಸಬ್ಯಾಡ ಅಂತ ಹೇಳಿ ಕಳಸ್ರಿ. ನಳಗಿ ಕಟ್ಟೈತಿ!"

"ಯಾರನ್ನ ಕಳಸಲೇ ನಾ? ಓಣ್ಯಾಗ ಒಬ್ಬರೂ ಇಲ್ಲ, ಎಲ್ಲಾರೂ ಹೊಲದಾಗ ಅದಾರ" ಎಂದು ಅತ್ತೆ ಅಳತೊಡಗಿದರು. ಅವರ ಮೊಣಕಾಲು ಅಂಗಳ ದಾಟಿಸುವುದಿಲ್ಲ.

ಹಂದಿಗಳು ಹೊತ್ತು ಇಳಿದ ಮೇಲೆಯೇ ಹೊರಬೀಳುತ್ತವೆ. ಆಗ ನಾಲ್ಕು ಗಂಟೆ. ಸೀರೆಯನ್ನು ಅಲ್ಲಿಯೇ ಬಿಟ್ಟು ಬಸ್ಸಿಗೆ ಓಡಿದೆ. ಹುನಗುಂದದವರೆಗೆ ನಿಂತೇ ಬಂದೆ, ಅಲ್ಲಿ ಬಸ್ಸು ಬದಲಿಸಿದೆ. ಕಿಟಕಿಯಿಂದ ನಾನು ನೋಡಿದ್ದು ಸೂರ್ಯನನ್ನು ಮಾತ್ರ. ಅಮೀನಗಡದಲ್ಲಿ ಯಾರೋ ಕರದಂಟು ಕೊಳ್ಳಲು ಇಳಿದರೆಂದು ಬಸ್ಸು ಕಾಯಿಸುತ್ತಿದ್ದರು. ಕಂಡಕ್ಟರನ ಮೇಲೆ ಕೂಗಾಡಿ ಇಳಿದು, ಒಂದು ಆಟೋ ಹಿಡಿದೆ. "ಯಾಕ್ರಿ ಅಕ್ಕಾರ, ದವಾಖಾನಿಗೇನು?" ಎಂದು ಅವನು ಕೇಳಿದ. "ಹೊಲಕ್ಕ, ಜಲ್ದಿ ಬಿಡಪಾ" ಎಂದು ಅವನ ಸೀಟು ಬಡಿದೆ. ದಾರಿಯುದ್ದಕ್ಕೂ ಕಿವಿಯನ್ನೆಲ್ಲ ಹೊಲಗಳ ಕಡೆಗೆ ಇಟ್ಟಿದ್ದೆ. ಒಂದು ಬೈಕಿನ ಸೈಲೆನ್ಸರ್ ಢಂ ಎಂದಾಗ ಬಂದೂಕೇ ಅಂದುಕೊಂಡು ಆಟೋದಿಂದ ಹೊರಗೆ ಬಾಗಿ ನೋಡಿದೆ.

ಹೊಲ ಮುಟ್ಟಿದಾಗ ಹೊತ್ತು ಗುಡ್ಡದ ಅಂಚಿಗೆ ಕೂತಿತ್ತು. ಅವರು ಬದುವಿನ ಆ ತುದಿಯಲ್ಲಿ ನನಗೆ ಬೆನ್ನು ಮಾಡಿ ನಿಂತಿದ್ದರು. ಬಂದೂಕು ಕೈಯಲ್ಲಿತ್ತು. ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಬೆಳೆಯ ನಡುವೆ ದಂಟುಗಳು ಅಲುಗಾಡಿದ್ದು ಕಂಡಿತು. ಹಂದಿಗಳು ಆಗಲೇ ಒಳಗಿದ್ದವು. ನಾನು ಕೂಗಿದರೆ ಅವು ಎದ್ದು ಓಡುತ್ತವೆ, ನನ್ನ ಮಾತು ಮುಟ್ಟುವ ಮೊದಲೇ ಇವರು ಹಾರಿಸುತ್ತಾರೆ. ಬಾಯಿ ಮುಚ್ಚಿಕೊಂಡೆ. ಚಪ್ಪಲಿ ಬಿಟ್ಟು, ಬಳೆಗಳು ಸಪ್ಪಳ ಮಾಡದಂತೆ ಮುಂಗೈಗೆ ಒತ್ತಿ ಹಿಡಿದು ಬದುವಿನ ಮೇಲೆ ನಡೆದೆ. ಜೀವಮಾನದಲ್ಲಿ ಅಷ್ಟು ಮೆಲ್ಲಗೆ ನಾನೆಂದೂ ನಡೆದಿಲ್ಲ. ಇನ್ನು ನಾಲ್ಕು ಹೆಜ್ಜೆ ಇರುವಾಗ ಅವರು ಬಂದೂಕನ್ನು ಆಕಾಶಕ್ಕೆ ಎತ್ತಿದರು.

ಓಡಿಹೋಗಿ ಎರಡೂ ಕೈಯಿಂದ ನಳಿಗೆ ಹಿಡಿದು ಪಕ್ಕಕ್ಕೆ ಜಗ್ಗಿದೆ.

"ಹುಚ್ಚಿ ಅದೀಯೇನ? ಗುಂಡ ತುಂಬೇನಿ!"

"ಅದಕ್ಕ ಬಂದೇನ್ರಿ. ಬಿಚ್ಚರಿ. ಮೊದಲ ಬಿಚ್ಚರಿ ಅದನ್ನ."

ಅವರು ನನ್ನ ಮುಖ ನೋಡಿದರು. ಬಂದೂಕು ಮುರಿದು ತೋಟಾ ತೆಗೆದು ಕಿಸೆಗೆ ಹಾಕಿಕೊಂಡರು. ನಳಿಗೆಯನ್ನು ಆಕಾಶಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿದರು. ಒಳಗೆ ಬೆಳಕಿರಲಿಲ್ಲ. ಹಂದಿಗಳು ದಂಟು ಮುರಿಯುತ್ತ ನಮ್ಮ ಪಕ್ಕದಲ್ಲೇ ಹಾದುಹೋದವು, ನಾವು ಅತ್ತ ನೋಡಲಿಲ್ಲ. ಆಮೇಲೆ ಅವರು ಒಂದು ಉದ್ದನೆಯ ಜಾಲಿ ಕಡ್ಡಿ ಮುರಿದು, ಮುಳ್ಳು ಸವರಿ, ಹಿಂದಿನಿಂದ ನೂಕಿದರು. ಮೇಣದ ಉಂಡೆ ಮಣ್ಣಿಗೆ ಬಿತ್ತು. ಅದರ ತುದಿಗೆ ಕತ್ತರಿಸಿದ ಕೆಂಪು ಎಳೆಯ ಮೋಟು ಇತ್ತು.

ಅವರು ಬದುವಿನ ಮೇಲೆ ಕುಸಿದು ಕೂತರು. ನನ್ನ ಕೆಟ್ಟ ಬಾಯಿ ಆಗಲೂ ಸುಮ್ಮನಿರಲಿಲ್ಲ. "ನೋಡಲಿಲ್ಲೇನ್ರಿ? ದಿನಾ ನೋಡಾವ್ರು ಇವತ್ತ ಯಾಕ ನೋಡಲಿಲ್ಲ?"

"ಗುಂಡ ತುಂಬೂ ಮೊದಲ ನೋಡಾಕ ಎತ್ತಿದ್ದೆ" ಅಂದರು. "ನೀ ಬ್ಯಾಡ ಅಂದಿದ್ದಿಯಲ್ಲ. ಅದಕ್ಕ ಇಳಿಸಿದೆ."

ನಾನು ಅಲ್ಲೇ ಮಣ್ಣಿನಲ್ಲಿ ಕೂತು ದನಿ ತೆಗೆದು ಅತ್ತೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಂದು ಯಾರೂ ನಳಿಗೆ ಒರೆಸಲಿಲ್ಲ. ಎರಡು ದಿನಕ್ಕೆ ಹುಣಸೆಬೀಜದ ಬಣ್ಣದ ಮೇಲೆ ನನ್ನ ಬೆವರುಗೈಯ ಬೆರಳ ಗುರುತುಗಳು ಕಪ್ಪಗೆ ಎದ್ದವು. ತಿಕ್ಕಿ ಮತ್ತೆ ಬಣ್ಣ ಕಟ್ಟುತ್ತೇನೆ ಎಂದೆ. ಅವರು ಬೇಡವೆಂದರು.

ಈಗ ಹೊಲಕ್ಕೆ ಹೊರಡುವ ಮುಂಚೆ ಅವರು ಅಂಗಳದಲ್ಲಿ ನಿಂತು ಬಂದೂಕು ಮುರಿದು ತಾವು ಒಮ್ಮೆ ನೋಡುತ್ತಾರೆ. ಆಮೇಲೆ ಮಗ್ಗದ ಕುಣಿಯ ಹತ್ತಿರ ಬಂದು ನನ್ನ ಮುಂದೆ ಹಿಡಿಯುತ್ತಾರೆ.

"ನೀನೂ ನೋಡು."

ಲಾಳಿ ಬದಿಗಿಟ್ಟು ಒಂದು ಕಣ್ಣು ಮುಚ್ಚುತ್ತೇನೆ. ನಳಿಗೆಯ ಆ ತುದಿಯಲ್ಲಿ ಬಾಗಿಲ ಬೆಳಕು ದುಂಡಗೆ ಕಾಣುತ್ತದೆ.

"ಕಾಣತೈತ್ರಿ" ಅನ್ನುತ್ತೇನೆ. "ಹೋಗಿ ಬರ್ರಿ."