ಪ್ಲಗ್ ಕೀಳುವ ಬಿಸೇರಕ್ಕ

ಪ್ಲೋವ್ದಿವ್ ನಗರದ ನಮ್ಮ ಸಾಫ್ಟ್‌ವೇರ್ ಕಚೇರಿಯಲ್ಲಿ ಬಿಸೇರಕ್ಕನ ಎದುರು ‘ಫೈಲ್ ಸೇವ್ ಆಯ್ತು’ ಎಂದು ಬಾಯಿಬಿಟ್ಟವನು ಕೆಟ್ಟ. “ಎಲ್ಲಾಯ್ತಪ್ಪಾ? ಇನ್ನೂ ಮೆಮೊರಿಯಲ್ಲೇ ತೂಕಡಿಸ್ತಾ ಕೂತಿದೆ, ಡಿಸ್ಕಿಗೆ ಎಲ್ಲಿ ಇಳೀತು?” ಎನ್ನುತ್ತ ಅವನ ಯಂತ್ರದ ಪ್ಲಗ್ ಕಿತ್ತೇಬಿಡುತ್ತಾಳೆ, ಮತ್ತೆ ಚಾಲೂ ಮಾಡಿದರೆ ಫೈಲ್ ಖಾಲಿ. ಮನೆಯಲ್ಲೂ ಚಳಿಗಾಲಕ್ಕೆಂದು ಮೆಣಸಿನ ಗೊಜ್ಜು ತುಂಬಿದ ಬಾಟಲಿಗಳನ್ನು ತಲೆಕೆಳಗಾಗಿಸಿ, ಹನಿಯೂ ಸೋರದೆಂದು ಕಂಡ ಮೇಲೆಯೇ ಕಪಾಟಿಗೇರಿಸುವವಳು ಆಕೆ. ಫೈಲ್ ಉಳಿಸಲು ಅವಳು ಬರೆದ ಪ್ರೋಗ್ರಾಂ ಕೂಡ ಹಾಗೆಯೇ: ಡಿಸ್ಕಿನಿಂದ ‘ಮುಟ್ಟಿತು’ ಎಂಬ ಉತ್ತರ ಬಾರದೆ ಅದು ಯಾರಿಗೂ ‘ಆಯ್ತು’ ಎನ್ನುವುದಿಲ್ಲ. ಅದನ್ನು ಕೊಳ್ಳಲು ಬಂದ ಆಸ್ಪತ್ರೆಯವರು ಮೊನ್ನೆ ಅನುಮಾನಪಟ್ಟಾಗ, “ನೀವೇ ಕೀಳಿ ಸ್ವಾಮಿ” ಎಂದು ಒಂದು ಫೈಲನ್ನು ಡಿಸ್ಕಿಗೆ ಕಳಿಸಿದಳು. ‘ಆಯ್ತು’ ಮೂಡಿದ ಕ್ಷಣವೇ ಅವರು ಪ್ಲಗ್ ಕಿತ್ತರು. ಯಂತ್ರ ಮತ್ತೆ ಎದ್ದ ಮೇಲೆ ಆ ಫೈಲ್ ತೆರೆದರೆ ಮುದುಕನೊಬ್ಬನ ಹಾಡು ಒಂದಕ್ಷರವೂ ತಪ್ಪದೆ ಕೇಳಿಬಂತು. “ಯಾರಮ್ಮ ಇದು?” “ತೀರ್ಕೊಂಡ ನಮ್ಮಪ್ಪ. ಬೇರೆ ಪ್ರತಿ ಇಟ್ಟಿಲ್ಲ.”